ಭಾನುವಾರಗಳನ್ನು ನುಂಗಿದ ಸಂಖ್ಯೆ

14,75,73,95,25,89,67,64,12,927. ಇಪ್ಪತ್ತೊಂದು ಅಂಕೆಗಳ ಈ ಸಂಖ್ಯೆ 2ರ 67ನೆಯ ಘಾತದಲ್ಲಿ ಒಂದನ್ನು ಕಳೆದರೆ ಸಿಗುವಂಥದು. ಚದುರಂಗದ ಮನೆಮನೆಗೂ ಇಮ್ಮಡಿಸುತ್ತ ಧಾನ್ಯ ಬೇಡಿದ ಜಾಣನ ಕಥೆ ವಾಚಕರಿಗೆ ಗೊತ್ತೇ ಇದೆ. ಅಂಥ ಎಂಟು ಹಾಸುಗಳ ಕಾಳನ್ನೆಲ್ಲ ಒಟ್ಟುಮಾಡಿ, ಮೇಲೆ ಏಳು ಕಾಳು ಹಾಕಿದರೆ ಸರಿಯಾಗಿ ಇಷ್ಟೇ ಆಗುತ್ತದೆ.

1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ, 257ರವರೆಗೆ ಯಾವ ಯಾವ ಘಾತಗಳಿಂದ ಹೀಗೆ ಅವಿಭಾಜ್ಯ ಸಂಖ್ಯೆ ಹುಟ್ಟುತ್ತದೆಂದು ಪಟ್ಟಿಯೊಂದನ್ನು ಕೊಟ್ಟ. ಅದರಲ್ಲಿ 67 ಇತ್ತು. ಇರಬೇಕಾಗಿದ್ದ 61 ಇರಲಿಲ್ಲ. ಅಚ್ಚಿನಲ್ಲಿ 61 ಹೋಗಿ 67 ಆಗಿರಬಹುದೆಂದು ಮೊಳೆ ಜೋಡಿಸುವವನ ತಲೆಗೆ ಕಟ್ಟುವವರೂ ಉಂಟು. ಅದೇನೇ ಇರಲಿ, 1876ರಲ್ಲಿ ಲೂಕಾ ಎಂಬ ಫ್ರೆಂಚ್ ಗಣಿತಜ್ಞ ಇದು ಅವಿಭಾಜ್ಯವಲ್ಲವೆಂದು ಸಾಧಿಸಿದ. ಆದರೆ ಯಾವುದರಿಂದ ಭಾಗವಾಗುತ್ತದೆ? ಅದು ಅವನ ವಿಧಾನದಿಂದ ತಿಳಿಯುವಂತಿರಲಿಲ್ಲ. ಕಳವು ಆದದ್ದು ಖಚಿತ, ಕಳ್ಳ ಮಾತ್ರ ಸಿಕ್ಕಿಲ್ಲ, ಎಂದ ಹಾಗೆ.

ಕಳ್ಳನನ್ನು ಹಿಡಿದವರು ಫ್ರಾಂಕ್ ನೆಲ್ಸನ್ ಕೋಲ್. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅಮೆರಿಕದ ಗಣಿತ ಸಂಘದ ಕಾರ್ಯದರ್ಶಿಯಾಗಿ ಸುಮಾರು ಕಾಲು ಶತಮಾನ ಕಾಗದಪತ್ರ ನೋಡಿಕೊಂಡವರು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಸಭೆಯಲ್ಲಿ ಅವರು ಮಾತಿಲ್ಲದೆ ಕರಿಹಲಗೆಗೆ ಹೋಗಿ 2ನ್ನು 67ನೆಯ ಘಾತಕ್ಕೇರಿಸಿ ಒಂದನ್ನು ಕಳೆದರಂತೆ. ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದರಂತೆ. ಎರಡೂ ಒಂದೇ! ಸಭೆ ಚಪ್ಪಾಳೆ ತಟ್ಟಿತು. ಕೋಲ್ ಸುಮ್ಮನೆ ಬಂದು ಕೂತರು. ಎಷ್ಟು ಕಾಲ ಹಿಡಿಯಿತೆಂದು ಮುಂದೆ 1911ರಲ್ಲಿ ಇ. ಟಿ. ಬೆಲ್ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದರಂತೆ. ಇದನ್ನೆಲ್ಲ ಬರೆದವರು ಬೆಲ್ ಅವರೇ. ಕಥೆಗೆ ಒಗ್ಗರಣೆ ಹಾಕುವುದರಲ್ಲಿ ಅವರು ಹಿಂದೆ ಬಿದ್ದವರಲ್ಲ, ಆದ್ದರಿಂದ ಈ ಅಂತೆಗಳು. ಅಪವರ್ತನಗಳು ಮಾತ್ರ ಅಂತೆಯಲ್ಲ.

ಮೂರು ವರ್ಷಕ್ಕೆ ಭಾನುವಾರಗಳು ಸುಮಾರು 156. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯ, 134ರ ಒಂದು ಗುಣಕಕ್ಕೆ ಒಂದು ಕೂಡಿಸಿದಷ್ಟೇ ಇರಬೇಕೆಂಬುದು ನಿಯಮ. ಆ ಸಾಲಿನಲ್ಲಿ ಕೋಲ್ ಹಿಡಿದದ್ದು 14,45,580ನೆಯದು! ಒಂದೊಂದಾಗಿ ಭಾಗಿಸಿ ನೋಡಿದ್ದರೆ ಭಾನುವಾರಕ್ಕೆ ಒಂಬತ್ತು ಸಾವಿರಕ್ಕೂ ಮೇಲೆ ಭಾಗಾಕಾರ ಮಾಡಬೇಕಿತ್ತು. ಮನುಷ್ಯಮಾತ್ರನಿಂದ ಆಗುವ ಕೆಲಸವಲ್ಲ. ವರ್ಗಸಂಖ್ಯೆಗಳ ಶೇಷಗಳನ್ನು ಹಿಡಿದು, ಆಗಲಾರದವನ್ನು ಗುಂಪುಗುಂಪಾಗಿ ಹೊಡೆದುಹಾಕುತ್ತ ಅವರು ದಾರಿಯನ್ನು ಕಿರಿದು ಮಾಡಿಕೊಂಡರು. ಇಂದಿನ ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಆ ಗುಣಾಕಾರವನ್ನಾದರೂ ಮಾಡಿ ನೋಡೋಣವೆಂದು ಒಂದು ಭಾನುವಾರ ನಾನೂ ಕಾಗದ ಪೆನ್ಸಿಲು ಹಿಡಿದೆ. ಸೊನ್ನೆಯದನ್ನು ಬಿಟ್ಟು ಎಂಟು ಸಾಲು. ಒಂಬತ್ತರ ಶೇಷದಿಂದ ತಾಳೆ ನೋಡುವುದನ್ನು ಶಾಲೆಯಲ್ಲಿ ಕಲಿತಿದ್ದೆವಲ್ಲ. ಎರಡು ಅಪವರ್ತನಗಳಿಗೂ ಶೇಷ ಒಂದು, ಗುಣಲಬ್ಧಕ್ಕೂ ಒಂದೇ ಬರಬೇಕು. ನನಗೆ ಸೊನ್ನೆ ಬಂತು. ಎಲ್ಲೋ ಕೈಯಲ್ಲಿ ಉಳಿದ ಒಂದನ್ನು ಕೂಡಿಸಲು ಮರೆತಿದ್ದೆ. ಹುಡುಕಿ ಸಿಗದೆ, ಮುಂದಿನ ಭಾನುವಾರ ಮೊದಲಿನಿಂದ ಶುರುಮಾಡಿದೆ. ತಾಳೆಯಾಯಿತು.