ಬಾರ್ಡರ್‌ಲೈನ್ ವ್ಯಕ್ತಿತ್ವ ವಿಕಾರ

ಭಾವನೆಗಳು, ಸಂಬಂಧಗಳು ಮತ್ತು ತನ್ನ ಬಗೆಗಿನ ಕಲ್ಪನೆ ನೆಲೆನಿಲ್ಲದೆ ಹೊಯ್ದಾಡುವ ಮಾನಸಿಕ ಸ್ಥಿತಿ. ಸಾಮಾನ್ಯವಾಗಿ ಹರೆಯದಲ್ಲಿ ಅಥವಾ ಯೌವನದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಹತ್ತಿರದವರು ಕೈಬಿಡುವರೆಂಬ ತೀವ್ರ ಭಯ, ಒಳಗೆಲ್ಲ ಖಾಲಿಯೆಂಬ ಭಾವ, ದುಡುಕು, ಹತೋಟಿಗೆ ಬಾರದ ಸಿಟ್ಟು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಮುಖ್ಯ ಲಕ್ಷಣಗಳು. ಇಂದು ದೇವರಂತೆ ಕಂಡವರು ನಾಳೆ ಹಗೆಯಾಗಿ ಕಾಣಬಹುದು. ಮನೆಯವರು ಇದನ್ನು ಹಟ, ನಾಟಕ ಎಂದು ತಳ್ಳಿಹಾಕುವುದುಂಟು; ವೈದ್ಯರಲ್ಲೂ ಈ ಪೂರ್ವಗ್ರಹ ಇಲ್ಲದಿಲ್ಲ.

1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಈ ಬಗೆಯ ರೋಗಿಗಳನ್ನು ವಿವರಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಇದು ಸೇರಿತು. ಆನುವಂಶಿಕ ಒಲವು, ಬಾಲ್ಯದ ಹಿಂಸೆ ಅಥವಾ ನಿರ್ಲಕ್ಷ್ಯ ಇದಕ್ಕೆ ಪೂರಕ. ಆದರೆ ಇಂಥ ಬಾಲ್ಯ ಕಂಡಿರದವರಲ್ಲೂ ಇದು ಬರುತ್ತದೆ.

ಮುಖ್ಯ ಚಿಕಿತ್ಸೆ ಮಾತಿನದು. ಇದಕ್ಕೆಂದೇ ಮೀಸಲಾದ ಔಷಧಿಯಿಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಮಾತ್ರೆ ಕೊಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯಲ್ಲಿ ವೈಯಕ್ತಿಕ ಸಮಾಲೋಚನೆಯ ಜೊತೆಗೆ ಗುಂಪಿನಲ್ಲಿ ಸಂಕಟ ಸಹಿಸುವ, ಭಾವನೆ ನಿಭಾಯಿಸುವ ಕೌಶಲಗಳನ್ನು ಕಲಿಸಲಾಗುತ್ತದೆ. ಯೌವನದಲ್ಲಿ ತಾವೂ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಸುಧಾರಣೆಗೆ ವರ್ಷಗಳೇ ಹಿಡಿದರೂ ಬಹುಪಾಲು ಜನರಲ್ಲಿ ಲಕ್ಷಣಗಳು ತಗ್ಗುತ್ತವೆ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ.