ಎಣ್ಣೆಯ ಬಟ್ಟಲು, ಉಗಿಯ ಕವಾಟ

ಬಳ್ಳಾರಿಯ ಇತಿಹಾಸವೆಂದಾಗ ನಮಗೆ ನೆನಪಾಗುವುದು ಕೋಟೆ, ಹೈದರಲಿ, 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟದ್ದು; ಇತ್ತೀಚೆಗಾದರೆ ಗಣಿ. ಇಲ್ಲಿ ಉಗಿಯದೂ ಒಂದು ಕಾಲವಿತ್ತೆಂಬುದನ್ನು ನಾವು ಮರೆತಿದ್ದೇವೆ. ಸಿರುಗುಪ್ಪ, ಕುರುಗೋಡು ಕಡೆಯ ಎರೆ ಹೊಲಗಳು ಹತ್ತಿಯ ಹೊಲಗಳು. ಹತ್ತಿ ಹಗುರ, ರೈಲಿನ ಡಬ್ಬಿ ತುಂಬಿದರೂ ತೂಕ ತುಂಬುವುದಿಲ್ಲ. ಬಿಗಿಯಾಗಿ ಒತ್ತಿ ಬೇಲು ಕಟ್ಟಿದರೆ ಮಾತ್ರ ಸಾಗಣೆ ಗಿಟ್ಟುತ್ತದೆ. ಹೀಗೆ ಊರಿಗೆ ಉಗಿಯಿಂದ ನಡೆಯುವ ಪ್ರೆಸ್ಸುಗಳು ಬಂದವು, 1894ರಲ್ಲಿ ನೂಲಿನ ಗಿರಣಿ ಬಂತು. ಬಿಲ್ಲು ಮಿಡಿದು ಹತ್ತಿ ಹಿಂಜುತ್ತಿದ್ದ ನಮ್ಮ ಪಿಂಜಾರರ ಕಸುಬು ಯಂತ್ರಗಳೆದುರು ಹಾಸಿಗೆ-ದಿಂಬಿಗೆ ಇಳಿಯಿತು. ಈ ಕಥೆಯನ್ನು ಇನ್ನೂ ಯಾರಾದರೂ ವಿವರವಾಗಿ ಬರೆಯಬೇಕು.

ಉಗಿಯಂತ್ರವೆಂದರೆ ಜೇಮ್ಸ್ ವಾಟ್ ಎಂದು ಶಾಲೆಯಲ್ಲಿ ಕಲಿತೆವು. ಆದರೆ ಬಾಯ್ಲರು, ಸಿಲಿಂಡರು ಎರಡನ್ನೇ ಇಟ್ಟುಕೊಂಡು ಯಂತ್ರ ನಡೆಯುವುದಿಲ್ಲ. ಕವಾಟ, ಪಂಪು, ಒತ್ತಡದ ಮಾಪಕ, ಎಣ್ಣೆಯ ಬಟ್ಟಲು ಬೇಕು. ಇವುಗಳ ಚರಿತ್ರೆ ವಾಟ್‌ಗಿಂತ ಬಹಳ ಹಿಂದಕ್ಕೆ ಹೋಗುತ್ತದೆ. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಮ್ಮ ಯಂತ್ರಗಳ ಗ್ರಂಥದಲ್ಲಿ ಶಂಕುವಿನಾಕಾರದ ಕವಾಟಗಳನ್ನು ಬಳಸಿದ್ದಾರೆ. ದಿಯಾರ್‌ಬಕಿರ್‌ನ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರ ತನ್ನ ಕೃತಿಯಲ್ಲಿ ಜೋಡಿ ಸಿಲಿಂಡರಿನ ನೀರೆತ್ತುವ ಪಂಪನ್ನು ವಿವರಿಸಿದ. ಹಾಗೆಂದು ಎಲ್ಲವನ್ನೂ ನಮ್ಮವರೇ ಕಂಡುಹಿಡಿದರೆಂಬ ಬಡಾಯಿ ಬೇಡ. ಅವರು ಉಗಿಯಂತ್ರ ಮಾಡಲಿಲ್ಲ. ಸುರಕ್ಷಾ ಕವಾಟ ಫ್ರಾನ್ಸಿನ ಡೆನಿಸ್ ಪಾಪಿನನದು, 1679ರ ಸುಮಾರಿನದು. ಒತ್ತಡದ ಮಾಪಕ 1849ರಲ್ಲಿ ಬೋರ್ಡನ್ ಮಾಡಿದ್ದು.

ಎಣ್ಣೆಯ ಬಟ್ಟಲಿನ ಹಿಂದೆ ಇನ್ನೊಂದು ಕಥೆಯಿದೆ. ಎಲೈಜಾ ಮೆಕಾಯ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ದಂಪತಿಯ ಮಗ. ಸ್ಕಾಟ್ಲೆಂಡಿನಲ್ಲಿ ಎಂಜಿನಿಯರಿಂಗ್ ಕಲಿತು ಬಂದರೂ ಕಪ್ಪು ಬಣ್ಣದವನೆಂದು ಅಮೆರಿಕದ ರೈಲ್ವೆಯಲ್ಲಿ ಸಿಕ್ಕಿದ್ದು ಬೆಂಕಿಗೆ ಕಲ್ಲಿದ್ದಲು ಹಾಕುವ, ಎಣ್ಣೆ ಹಾಕುವ ಕೆಲಸ. ಆ ಕೆಲಸದಲ್ಲಿದ್ದುಕೊಂಡೇ 1872ರಲ್ಲಿ ಆತ ತಾನಾಗಿ ಎಣ್ಣೆಯುಣಿಸುವ ಸಾಧನಕ್ಕೆ ಪೇಟೆಂಟ್ ಪಡೆದ.

ಇಂತಹ ಸಾಧನಗಳಲ್ಲಿ ಅತಿ ಸರಳವಾದುದನ್ನು 1860ರಲ್ಲಿ ಇಂಗ್ಲೆಂಡಿನ ರಾಮ್ಸ್‌ಬಾಟಮ್ ರೂಪಿಸಿದ್ದ. ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಮಾದರಿ ಉಗಿಯಂತ್ರ ಮಾಡುವ ಹವ್ಯಾಸಿಗಳು ಇಂದಿಗೂ ಅದನ್ನೇ ಮಾಡುತ್ತಾರೆ. ಹಿತ್ತಾಳೆಯ ಒಂದು ಗಟ್ಟಿ ಸರಳನ್ನು ಕೊರೆದು ಬಟ್ಟಲು ಮಾಡಿ, ಮೇಲೆ ಮರೆಯ ಮುಚ್ಚಳ, ಕೆಳಗೆ ನೀರು ಬಸಿಯುವ ತಿರುಪು ಕೂರಿಸಬೇಕು. ಉಗಿಯ ಕೊಳವೆಗೂ ಬಟ್ಟಲಿಗೂ ನಡುವೆ ಸೂಜಿಮೊನೆಯಂಥ ಒಂದೇ ತೂತು. ಅದರೊಳಗೆ ನುಗ್ಗಿದ ಉಗಿ ತಣಿದು ನೀರಾಗುತ್ತದೆ. ನೀರು ಭಾರ, ತಳಕ್ಕಿಳಿಯುತ್ತದೆ. ಎಣ್ಣೆ ಮೇಲೇರಿ ಅದೇ ತೂತಿನಿಂದ ತೊಟ್ಟುತೊಟ್ಟಾಗಿ ಉಗಿಯೊಡನೆ ಸಿಲಿಂಡರಿಗೆ ಹೋಗುತ್ತದೆ. ತೂತು ದೊಡ್ಡದಾದರೆ ಎಣ್ಣೆಯೆಲ್ಲ ಒಮ್ಮೆಗೇ ಖಾಲಿ.

ಬಟ್ಟಲಿಗೆ ಹಿತ್ತಾಳೆ ಸಾಕು. ಬಾಯ್ಲರಿಗೆ ಬೆಸೆಯುವ ಬಿಡಿಭಾಗಗಳಿಗೆ ಸಾಲದು. ಬಿಸಿನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಲೋಹ ಪೊಳ್ಳಾಗುತ್ತದೆ. ಅಲ್ಲಿ ಕಂಚೇ ಬೇಕು. ನೋಡಲು ಎರಡೂ ಒಂದೇ ಥರ ಹೊಳೆಯುತ್ತವೆ, ಅಪಾಯವಿರುವುದೇ ಅಲ್ಲಿ.

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜೀವಗಳು ಹೋದ ಮೇಲೆ ಮರುವರ್ಷ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ದೇಶಕ್ಕೆಲ್ಲ ಒಂದೇ ಕಾನೂನಾದದ್ದು 1923ರಲ್ಲಿ. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿದೆ. ಭತ್ತದ ಮಿಲ್ಲಿನ ದೊಡ್ಡ ಬಾಯ್ಲರಿಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ಆದರೆ 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರು ಈ ಕಾನೂನಿನ ಹೊರಗೆ. ಮನೆಯ ಮೇಜಿನ ಮೇಲಿನದನ್ನು ಪರೀಕ್ಷಿಸಲು ಯಾರೂ ಬರುವುದಿಲ್ಲ, ಅದು ಮಾಡಿದವನ ಅಮಾನತ್ತು. ಅವನೇ ಅದರಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟು ನೋಡಬೇಕು. ನೀರು ಹಿಗ್ಗುವಂಥದ್ದಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಒಂದಿಷ್ಟು ಸೋರಿ ನಿಲ್ಲುತ್ತದೆ. ಆಮೇಲೆ ಬೆಂಕಿ ಹಚ್ಚಿ, ಎಂಜಿನ್ನಿಗೆ ಉಗಿ ಬಿಡದೆ, ಹುಟ್ಟಿದ ಉಗಿಯನ್ನೆಲ್ಲ ಸುರಕ್ಷಾ ಕವಾಟ ಒಂದೇ ಹೊರಹಾಕಿ ಮಾಪಕದ ಮುಳ್ಳು ಮೇಲೇರದಂತೆ ಹಿಡಿಯುತ್ತದೆಯೇ ಎಂದು ನೋಡಬೇಕು.