ಬಯಲುಸೀಮೆಯ ಛಾಯಾಗ್ರಹಣ (ವಿಜಾಪುರ–ಬಾಗಲಕೋಟೆ)

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲುನಾಡು ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು 1855ರಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ಬಾದಾಮಿಗಳನ್ನೊಳಗೊಂಡ ಈ ಸೀಮೆ ಮರುಭೂಮಿಯಲ್ಲ. ಆದರೆ ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಎರೆಹೊಲ ಬಾಯಿಬಿಡುತ್ತದೆ, ಕಣ್ಣು ಹಾಯುವಷ್ಟು ದೂರವೂ ಬರೀ ಬಯಲು. ಇಲ್ಲಿನ ನೆಲ ಮತ್ತು ಜನ ಚಿತ್ರದೊಳಗೆ ಬರಲು ಬಹಳ ಕಾಲ ಹಿಡಿಯಿತು. ಕ್ಯಾಮೆರಾ ಮೊದಲು ಬಂದದ್ದು ಕಲ್ಲಿಗಾಗಿ.

ಸ್ಮಾರಕಗಳನ್ನು ಕೈಯಿಂದ ಬರೆಸುವ ಬದಲು ಛಾಯಾಚಿತ್ರ ತೆಗೆಸಬೇಕೆಂದು ಈಸ್ಟ್ ಇಂಡಿಯಾ ಕಂಪನಿ ತೀರ್ಮಾನಿಸಿತು. ಮುಂಬಯಿ ಸರ್ಕಾರ ತನ್ನ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಈ ಕೆಲಸಕ್ಕೆ ನೇಮಿಸಿತು. ಆತ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಚಿತ್ರಿಸಿ, 1855ರ ಕೊನೆಗೆ ಸೈನ್ಯಕ್ಕೆ ಮರಳಿದ. ಆಮೇಲೆ ವೈದ್ಯ ಪಿಗೋ, ಅವನ ನಂತರ ಎ.ಸಿ.ಬಿ. ನೀಲ್ ಈ ಕೆಲಸ ಮುಂದುವರಿಸಿದರು.

ಆಗಿನದು ಕಾಗದದ ನೆಗೆಟಿವ್. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದರೆ ಬಿಸಿಲ ನಾಡಿನಲ್ಲಿ ಕ್ಷಣದಲ್ಲಿ ಒಣಗಿಬಿಡುತ್ತಿತ್ತು. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಪ್ರಕಟಿಸಿದ ವಿಧಾನದಲ್ಲಿ ಕಾಗದಕ್ಕೆ ಮೊದಲೇ ಮೇಣ ಹಚ್ಚಿ ದಿನಗಟ್ಟಲೆ ಮುಂಚೆ ಸಿದ್ಧಮಾಡಿ ಒಯ್ಯಬಹುದಿತ್ತು. ಆದರೆ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟರಲ್ಲಿ ನಡೆದುಹೋದ ಮನುಷ್ಯ, ಮೇಯುತ್ತ ಸರಿದ ದನ ಮಾಯ. ರಸಾಯನಕ್ಕೆ ನೀಲಿ ಬೆಳಕು ಬಲು ಬೇಗ ತಟ್ಟುತ್ತಿತ್ತು, ಕೆಂಪು ತಟ್ಟುತ್ತಲೇ ಇರಲಿಲ್ಲ. ಹೀಗಾಗಿ ಆಕಾಶವೆಲ್ಲ ಬರೀ ಬಿಳುಪು, ಬಾದಾಮಿಯ ಕೆಂಬಂಡೆ ಕಪ್ಪು. ಈ ಬಯಲಿನ ಜೀವಾಳವಾದ ಬಣ್ಣವೇ ಆ ಚಿತ್ರಗಳಲ್ಲಿಲ್ಲ.

ಕೆಲವು ಚಿತ್ರಗಳಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ನಿಂತದ್ದು ಕಂಬದ ಎತ್ತರ ತಿಳಿಯಲಿ ಎಂದು. 1849–51ರಲ್ಲಿ ಈಜಿಪ್ಟ್ ಮತ್ತು ನೂಬಿಯಾದ ಮರಳುಗಾಡಿನ ಗುಡಿಗಳನ್ನು ತೆಗೆದ ಮ್ಯಾಕ್ಸಿಮ್ ದು ಕಾಂ ಕೂಡ ತನ್ನ ದೋಣಿಯವನನ್ನು ಹಾಗೆಯೇ ಅಳತೆಗೋಲಾಗಿ ನಿಲ್ಲಿಸಿದ್ದ. ಆದರೂ ಬಿಗ್ಸ್, ಪಿಗೋ ಚಿತ್ರಗಳ ಬೆಲೆ ದೊಡ್ಡದು. ಐಹೊಳೆಯ ದುರ್ಗಾ ಗುಡಿಯ ನೆತ್ತಿಯ ಮೇಲೆ ಕೋಟೆಗಾಗಿ ಪೇರಿದ್ದ ಕಲ್ಲುಮಣ್ಣು ಇಂದಿಲ್ಲ, ಆ ಚಿತ್ರಗಳಲ್ಲಿದೆ. 1866ರಲ್ಲಿ ಲಂಡನ್ನಿನಲ್ಲಿ ವಿಜಾಪುರದ ಮೇಲೊಂದು, ಧಾರವಾಡ–ಮೈಸೂರುಗಳ ಮೇಲೊಂದು ದೊಡ್ಡ ಪುಸ್ತಕ ಬಂದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಈ ಪುಸ್ತಕಗಳಲ್ಲಿ ಫೋಟೊಗಳನ್ನೇ ಅಂಟಿಸಿದ್ದರು.

ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ ಜಿಲ್ಲೆಯ ಮತ್ತು ಆಗ ಈ ಸೀಮೆಯ ಬಹುಭಾಗ ಸೇರಿದ್ದ ಕಲಾದಗಿ ಜಿಲ್ಲೆಯ ಪುರಾತತ್ತ್ವ ಸರ್ವೇಕ್ಷಣೆ ಮಾಡಿದ. ಅದಾಗಿ ಎರಡೇ ವರ್ಷಕ್ಕೆ ಕಲಾದಗಿ ಜಿಲ್ಲೆಯನ್ನು 1876–78ರ ಮಹಾಬರ ಕಿತ್ತು ತಿಂದಿತು. ಆ ಬರದ ಮುಖವಾಗಿ ಲೋಕ ಕಂಡದ್ದು ಮದ್ರಾಸ್ ಪ್ರಾಂತ್ಯದಲ್ಲಿ ವಿಲ್ಲೋಬಿ ಹೂಪರ್ ತೆಗೆದ ಚಿತ್ರಗಳನ್ನು. ಎಲುಬುಗೂಡಾದವರನ್ನು ಸಾಲಾಗಿ ಕೂರಿಸಿ ತೆಗೆದ ಆ ಚಿತ್ರಗಳು ಕರುಣೆಯನ್ನೂ ಹುಟ್ಟಿಸಿದವು, ಖಂಡನೆಗೂ ಗುರಿಯಾದವು. ಮನುಷ್ಯ ಕಡೆಗೂ ಚೌಕಟ್ಟಿನ ನಡುವೆ ಬಂದ, ಹಸಿದು ಸಾಯುವವನಾಗಿ. ಆಮೇಲೆ ಬಂದ ಪುರಾತತ್ತ್ವಜ್ಞ ಹೆನ್ರಿ ಕಸಿನ್ಸ್‌ನ ವಿಜಾಪುರ ಗ್ರಂಥ (1916), ಚಾಲುಕ್ಯ ವಾಸ್ತು ಗ್ರಂಥ (1926) ಮತ್ತೆ ಕಲ್ಲಿಗೇ ಮೀಸಲಾದವು.

ತಮ್ಮ ಚಿತ್ರ ತಮ್ಮ ಇಷ್ಟದಂತೆ ಬರುವ ಅವಕಾಶ ಜನರಿಗೆ ದೊರೆತದ್ದು ಪಟ್ಟಣಗಳಲ್ಲಿ ಫೋಟೊ ಸ್ಟುಡಿಯೋಗಳು ತೆರೆದ ಮೇಲೆ. ರುಮಾಲು ಸುತ್ತಿ, ಇಳಕಲ್ ಸೀರೆಯುಟ್ಟು, ಬಣ್ಣದ ಪರದೆಯ ಮುಂದೆ ನಿಂತರು. ಪರದೆಯ ಮೇಲೆ ಇರುತ್ತಿದ್ದುದು ಹೂದೋಟ, ಅರಮನೆ, ಎರೆಹೊಲವಲ್ಲ. ಅಧಿಕಾರಿಗಳ ಆಲ್ಬಂಗಳಿಗಿಂತ ಮನೆಮನೆಯ ಟ್ರಂಕುಗಳಲ್ಲಿರುವ ಈ ಫೋಟೊಗಳೇ ಸೀಮೆಯ ನಿಜವಾದ ದಾಖಲೆ. ಬಿಗ್ಸ್‌ನ ಚಿತ್ರಗಳನ್ನು ಬ್ರಿಟಿಷ್ ಲೈಬ್ರರಿ ಜೋಪಾನ ಮಾಡಿದೆ, ಇವಕ್ಕೂ ಅಂಥ ಜೋಪಾನ ಸಲ್ಲಬೇಕು.

ಬಯಲೇ ಈಗ ಬದಲಾಗಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಜಮಖಂಡಿ ತಾಲ್ಲೂಕಿನ ತುಬಚಿಯ ಹೆಸರು ಹೊತ್ತ ತುಬಚಿ–ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ವಿಜಾಪುರದ ಒಣನೆಲಕ್ಕೆ ಎತ್ತುತ್ತದೆ. ನದಿಯಂಚಿನ ಊರುಗಳಲ್ಲಿ ಇಂದು ಕ್ಯಾಮೆರಾ ಹಿಡಿದರೆ ಕಾಣುವುದು ಕಬ್ಬಿನ ಹಸಿರು.